ಪುಟ್ಟಗೌರಕ್ಕನ ಮೊದಲ ತುತ್ತು

ಹೊನ್ನಯ್ಯ ತನ್ನ ಹೆಂಡತಿಯನ್ನು ಮುದ್ದೆ ಕೋಲಿನಿಂದ ಮೊದಲ ಸಲ ಹೊಡೆದಾಗ ಆ ಕೋಲು ನಮ್ಮ ಮನೆಯದಾಗಿತ್ತು. ಅವರ ಮನೆಯದು ಸೀಳಿದೆ ಎಂದು ಹಿಂದಿನ ದಿನ ನಾನೇ ಗೋಡೆಯ ಮೇಲಿಂದ ಕೊಟ್ಟಿದ್ದೆ. ಹಲಸಿನ ಮರದ ಕೋಲು, ಹಿಡಿದರೆ ತೂಕ ತಿಳಿಯುವಂಥದ್ದು. ಅದು ಪುಟ್ಟಗೌರಕ್ಕನ ಬೆನ್ನಿಗೆ ಬಿದ್ದ ಸದ್ದು ಗೋಡೆಯ ಈಚೆ ನನ್ನ ಒಲೆಯ ತನಕ ಬಂತು, ನೆನೆದ ಕಂಬಳಿಯನ್ನು ಕಲ್ಲಿಗೆ ಬಡಿದ ಹಾಗೆ.

ಪುಟ್ಟಗೌರಮ್ಮ ನನ್ನ ವಾರಗಿತ್ತಿ. ಹೊನ್ನಯ್ಯ ನನ್ನ ಗಂಡನ ಅಣ್ಣ, ನನಗೆ ಭಾವ. ಭಾವನನ್ನು ಬಂದರು, ಹೋದರು ಎಂದೇ ಅನ್ನಬೇಕು, ನಾನೂ ಹಾಗೇ ಅನ್ನುತ್ತಿದ್ದೆ. ಆ ವರ್ಷ ಆದ ಮೇಲೆ ಬಾಯಿಗೆ ಬರುವುದಿಲ್ಲ. ಊರು ಮರಳವಾಡಿಯ ಕಡೆ. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಒಂದೇ ಕುರಿ ರೊಪ್ಪ. ನನ್ನ ಯಜಮಾನರು ತೀರಿಹೋಗಿ ಆಗಲೇ ಎರಡು ವರ್ಷವಾಗಿತ್ತು.

ಅಕ್ಕನಿಗೆ ಮಾತು ಕಡಿಮೆ, ಕೆಲಸ ಜಾಸ್ತಿ. ಟಗರು ಕಡಿದ ದಿನ ಬೋಟಿ ಬಿಡಿಸುವುದು ಅವಳದೇ ಪಾಲು. ಬೋಟಿ ಎಂದರೆ ಕುರಿಯ ಕರುಳು. ಅದನ್ನು ಹಿಡಿದುಕೊಂಡಿರುವ ಪೊರೆಯಿಂದ ಬೆರಳಲ್ಲೇ ಬಿಡಿಸಿ, ಒಳಗಿನದು ಹೊರಗೆ ತಿರುವಿ, ಸುಣ್ಣ ಹಚ್ಚಿ ಉಜ್ಜಿ, ಏಳು ನೀರಲ್ಲಿ ತೊಳೆಯುವಳು. ಅವಳು ತೊಳೆದ ಬೋಟಿಗೆ ವಾಸನೆಯೇ ಇಲ್ಲ ಎಂದು ಹಬ್ಬಕ್ಕೆ ಬಂದ ನೆಂಟರು ತಟ್ಟೆ ನೆಕ್ಕುತ್ತಿದ್ದರು.

ಭಾವನದು ಕೈ ಮುಂದು, ಮಾತು ಹಿಂದು. ಕುರಿಮರಿಯ ಕತ್ತು ಕಚ್ಚಿದ ಬೀದಿನಾಯಿಯೊಂದನ್ನು ಹಿಂಗಾಲು ಹಿಡಿದು ಬಂಡೆಗೆ ಬಡಿದು ಕೊಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಂದು, ಕೈ ತೊಳೆದು, ಮೂರು ಮುದ್ದೆ ಉಂಡ. ಬೆಳಿಗ್ಗೆ ಹಚ್ಚಿದ ಬೀಡಿ ಮಲಗುವ ತನಕ ಒಂದರ ತುದಿಯಿಂದ ಇನ್ನೊಂದಕ್ಕೆ ಹತ್ತುತ್ತಲೇ ಇರುತ್ತಿತ್ತು. ದಿನಕ್ಕೆ ಮೂರು ಕಟ್ಟು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ನಮ್ಮತ್ತ ಸರಿದು ಬಂದವು. ಕುರಿ ಮೇಯುತ್ತಿದ್ದ ಗೋಮಾಳಕ್ಕೆ ಕಾಂಪೌಂಡು ಎದ್ದಿತು. ಭಾವನ ಮಗ ಶ್ರೀನಿವಾಸ ಅದೇ ಕಾಂಪೌಂಡಿನ ಒಳಗೆ ಕೆಲಸಕ್ಕೆ ಸೇರಿದ. ಅಪ್ಪ ಹೊರಗೆ ರಸ್ತೆಯ ಬದಿಯಲ್ಲಿ ಕುರಿ ಹೊಡೆಯುತ್ತಿದ್ದ. ಒಂದು ದಿನ ಜಲ್ಲಿ ತುಂಬಿದ ಟಿಪ್ಪರು ರಸ್ತೆ ದಾಟುತ್ತಿದ್ದ ಮಂದೆಯ ಮೇಲೆ ಹೋಯಿತು. ಒಂಬತ್ತು ಕುರಿ ಸತ್ತವು. ಭಾವ ಡ್ರೈವರನ್ನು ಸೀಟಿನಿಂದ ಎಳೆದು, ತಲೆಗೂದಲು ಹಿಡಿದು, ಮುಖವನ್ನು ಬಂಪರಿಗೆ ಬಡಿದ. ಎಷ್ಟು ಸಲ ಎಂದು ಎಣಿಸಿದವರಿಲ್ಲ. ಹಲ್ಲುಗಳು ಜಲ್ಲಿಯ ಜೊತೆ ಬಿದ್ದಿದ್ದವು. ಸಂಜೆ ಕಂಟ್ರಾಕ್ಟರನ ಕಡೆಯ ಆರು ಜನ ರಾಡು ಹಿಡಿದು ಬಂದು, ಭಾವನನ್ನು ಜಗಲಿಯಿಂದ ಕೆಡವಿ, ಹೊಟ್ಟೆಯ ಮೇಲೆ ಬೂಟುಗಾಲಿನಲ್ಲಿ ತುಳಿದರು. ಅವರು ಹೋದ ಮೇಲೆ ಭಾವ ಎದ್ದು ಕೂತು, ರಕ್ತ ಉಗುಳಿ, "ಹಿಟ್ಟು ತಗಂಬಾಮ್ಮಿ" ಎಂದು ಹೆಂಡತಿಗೆ ಮುದ್ದೆ ತರಹೇಳಿದ.

ಹಾಗಾಗಿ ಕೆಲವು ತಿಂಗಳ ಮೇಲೆ ಹೊಟ್ಟೆನೋವು ಶುರುವಾದಾಗ ಎಲ್ಲರೂ ಒಳಪೆಟ್ಟು ಎಂದರು.

ಉಂಡ ಅರ್ಧ ಗಂಟೆಗೆ ಹೊಕ್ಕುಳ ಸುತ್ತ ಹಿಡಿಯುತ್ತಿತ್ತು. ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು, ಒಂದು ಗಂಟೆ, ಎರಡು ಗಂಟೆ. ಮಂಡಿಗಳನ್ನು ಎದೆಗೆ ತಂದು, ಹಣೆಯನ್ನು ನೆಲಕ್ಕೆ ಒತ್ತಿ ಕೂರುತ್ತಿದ್ದ. ಆಮೇಲೆ ತಾನಾಗಿ ಬಿಡುತ್ತಿತ್ತು. ಉಣ್ಣದಿದ್ದರೆ ನೋವೇ ಇಲ್ಲ. ಒಳಪೆಟ್ಟಿಗೆಂದು ಎಣ್ಣೆ ನೀವಿಸಿದರು. ಕುಡುಗೋಲು ಕಾಯಿಸಿ ಹೊಕ್ಕುಳ ಸುತ್ತ ನಾಲ್ಕು ಬರೆ ಎಳೆದರು. ಕಾಲು ಹಿಡಿದವರಲ್ಲಿ ನಾನೂ ಒಬ್ಬಳು. ಸುಟ್ಟ ಚರ್ಮದ ವಾಸನೆ ಎರಡು ದಿನ ನನ್ನ ಸೆರಗಿನಲ್ಲಿತ್ತು. ಡಾಕ್ಟರುಗಳು ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಒಂದು ವರ್ಷದಲ್ಲಿ ಎಪ್ಪತ್ತೈದು ಕೆ.ಜಿ.ಯ ಆಳು ಐವತ್ತಕ್ಕೆ ಇಳಿದ. ತಟ್ಟೆ ಎದುರಿಗೆ ಬಂದರೆ ಗೋಡೆಯ ಕಡೆಗೆ ಸರಿಯುತ್ತಿದ್ದ. ಹಸಿವು ಇತ್ತು, ತಿನ್ನಲು ಭಯ.

ಒಂದು ದಿನ ನನ್ನ ಜಗಲಿಯ ಮೇಲೆ ಕೂತು ಹೇಳಿದ. "ಮರಳವಾಡಿ ಹೋಟ್ಲಲ್ಲಿ ಒಂದ್ ಬನ್ನು ತಿಂದೆ, ಟೀ ಕುಡುದೆ. ಏನೂ ಆಗ್ನಿಲ್ಲ ಕಣ್ ಮಾರಿ. ಮನೇಲಿ ಹಿಟ್ಟು ಉಂಡ್ರೆ ಹಿಡ್ಕತದೆ. ಇದ್ಯಾವ ಸೀಮೆ ಒಳಪೆಟ್ಟು?"

ನಾನು ಮಾರಕ್ಕ. ಭಾವನ ಬಾಯಲ್ಲಿ ಮಾರಿ. ಹುಣಸೆಹಣ್ಣು ಕುಟ್ಟುತ್ತಿದ್ದೆ. ಕೈ ನಿಲ್ಲಿಸದೆ ಅಂದೆ: "ಯಾರಾರ ಮದ್ದು ಹಾಕಿರಬೈದು ಭಾವ. ಒಂದ್ಸಲ ತೆಗೆಸಿ."

ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಹಾಕುವ ವಿಷಕ್ಕೆ ನಮ್ಮ ಕಡೆ ಮದ್ದು ಎನ್ನುತ್ತಾರೆ. ಅದು ಹೊಟ್ಟೆಯ ಗೋಡೆಗೆ ಕಚ್ಚಿ ಕೂತು ಮನುಷ್ಯನನ್ನು ದಿನದಿನಕ್ಕೂ ಸವೆಸುತ್ತದೆ ಎಂಬ ನಂಬಿಕೆ. ನಾನು ಟಿಪ್ಪರಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಆದರೆ ಹೇಳಿದವಳು ನಾನೇ. ಅದಕ್ಕೆ ಮುಂಚೆ ಆ ಮಾತನ್ನು ಯಾರೂ ಆಡಿರಲಿಲ್ಲ.

ಮದ್ದು ತೆಗೆಯುವ ಮುದುಕ ಸೋಲೂರಿನಿಂದಾಚೆ ಒಂದು ತೆಂಗಿನ ತೋಟದಲ್ಲಿದ್ದ. ಭಾವ, ಅಕ್ಕ, ನಾನು ಮೂವರೂ ರಾಮನಗರಕ್ಕೆ, ಅಲ್ಲಿಂದ ಮಾಗಡಿಗೆ, ಅಲ್ಲಿಂದ ಸೋಲೂರಿಗೆ ಬಸ್ಸು ಬದಲಾಯಿಸಿ ಹೋದೆವು. ಮುದುಕ ಹಸಿರು ರಸ ಕುಡಿಸಿ, ಮೇಲೆ ಒಂದು ಕೊಡ ನೀರು ಕುಡಿಸಿದ. ಭಾವ ತೆಂಗಿನ ಮರ ತಬ್ಬಿಕೊಂಡು ವಾಂತಿ ಮಾಡಿದ. ಮೊದಲು ನೀರು, ಆಮೇಲೆ ಹಳದಿ, ಆಮೇಲೆ ರಕ್ತದ ಎಳೆ. ಕಣ್ಣುಗುಡ್ಡೆ ಕೆಂಪಾಗಿ ಹೊರಗೆ ಬಂದಿದ್ದವು. ಮುದುಕ ಕಡ್ಡಿಯಿಂದ ಕೆದಕಿ, ಗೋಲಿಯಷ್ಟು ದಪ್ಪದ ಕಪ್ಪು ಉಂಡೆಯೊಂದನ್ನು ಎತ್ತಿ ತೋರಿಸಿದ. ಅದಕ್ಕೊಂದು ಕೂದಲು ಸುತ್ತಿತ್ತು.

"ಒಂದು ಬಂತು. ಇನ್ನೂ ಐತೆ. ತೆಗುದ್ರೂ ತಿರ್ಗಾ ಹಾಕ್ತಾರೆ" ಎಂದ.

"ಯಾರು?"

"ನಿಂಗೆ ದಿನಾ ಅನ್ನ ಇಕ್ಕೋ ಕೈ ಯಾವ್ದಪ್ಪ?"

ಅಷ್ಟೇ ಅವನು ಆಡಿದ್ದು. ಅಕ್ಕ ಬಾಯಿ ಒರೆಸಲು ಟವಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮತ್ತೆ ಮೂರು ಬಸ್ಸು ಬದಲಾಯಿಸಿ ವಾಪಸು ಬಂದೆವು. ಭಾವ ಮನೆಯೊಳಗೆ ಹೋಗಿ, ಬಾಗಿಲು ಹಾಕಿ, ಒಲೆಯ ಪಕ್ಕ ಒರಗಿಸಿದ್ದ ನಮ್ಮ ಮುದ್ದೆ ಕೋಲನ್ನು ಎತ್ತಿಕೊಂಡ.

ಅಂದಿನಿಂದ ಒಂದು ಕಟ್ಟಳೆ ಬಂತು. ಭಾವನ ತಟ್ಟೆಗೆ ಬಡಿಸಿದ ಮೇಲೆ ಅಕ್ಕ ಆ ತಟ್ಟೆಯಿಂದಲೇ ಮೊದಲ ತುತ್ತು ತಿನ್ನಬೇಕು. ಒಳಗಲ್ಲ, ಹೊಸ್ತಿಲ ಮೇಲೆ, ಬೀದಿಯವರಿಗೆ ಕಾಣುವ ಹಾಗೆ ಕೂತು. ತಿಂದು ಒಂದು ಬೀಡಿ ಮುಗಿಯುವಷ್ಟು ಹೊತ್ತು ಅಲ್ಲೇ ಇರಬೇಕು. ಅವಳಿಗೆ ಏನೂ ಆಗದಿದ್ದರೆ ಭಾವ ಉಣ್ಣುತ್ತಿದ್ದ. ಅವಳಿಗೆ ಏನೂ ಆಗುತ್ತಿರಲಿಲ್ಲ. ಉಂಡ ಅರ್ಧ ಗಂಟೆಗೆ ಭಾವನಿಗೆ ಹಿಡಿಯುತ್ತಿತ್ತು.

"ನೀನು ಮೊದ್ಲೇ ಅದ್ಕೆ ಮುರಿಮದ್ದು ತಿಂದ್ಕಂಡು ಬತ್ತೀಯ" ಎನ್ನುತ್ತಿದ್ದ. ನೋವು ಬಿಟ್ಟ ಕೂಡಲೇ ಎದ್ದು ಹೊಡೆಯುತ್ತಿದ್ದ. ನೋವು ಹೆಚ್ಚಿದ ದಿನ ಹೊಡೆತವೂ ಹೆಚ್ಚು. ಅಕ್ಕನ ಎಡಗೈ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತು. ಕಿವಿಯ ಓಲೆ ಹರಿದು ಹಾಲೆ ಎರಡಾಯಿತು. ಒಂದು ದಿನ ಅಡ್ಡ ಬಂದ ಶ್ರೀನಿವಾಸನಿಗೂ ಬಿತ್ತು. ಅವನು ಅಪ್ಪನ ಎದೆಗೆ ಕೈ ಹಾಕಿ ತಳ್ಳಿ, "ನಡಿಯವ್ವ, ಬ್ಯಾರೆ ಮನೆ ಮಾಡನ" ಎಂದ.

ಅಕ್ಕ ಹೋಗಲಿಲ್ಲ. "ಈಗ ಹೋದ್ರೆ ಹಾಕಿದ್ದು ನಾನೇ ಅಂತ ಆಯ್ತದೆ" ಎಂದಳು.

ಅದೊಂದೇ ಅವಳ ಹಟ. ಬೀದಿಯಲ್ಲಿ ಆಗಲೇ ಅವಳ ಮನೆಯಿಂದ ಮಜ್ಜಿಗೆ ಇಸಿದುಕೊಳ್ಳುವುದನ್ನು ಬಿಟ್ಟಿದ್ದರು. ಮದುವೆ ಮನೆಯಲ್ಲಿ ಅವಳು ಸೌಟು ಮುಟ್ಟಿದರೆ ಯಾರೋ ಬಂದು, "ನೀ ಕೂತ್ಕ ಗೌರಕ್ಕ, ದಣಿದಿದ್ದೀಯ" ಎಂದು ಇಸಿದುಕೊಳ್ಳುತ್ತಿದ್ದರು. ನಲವತ್ತು ವರ್ಷ ಊರಿಗೆಲ್ಲ ಬೋಟಿ ತೊಳೆದ ಕೈ ಅದು.

ನಾಲ್ಕು ದಿನ ಅವಳ ಬೆನ್ನಿಗೆ ಬಿಡುವು ಸಿಗಲಿ ಎಂದು ನಾನು ಭಾವನನ್ನು ಊಟಕ್ಕೆ ಕರೆದೆ. "ನಮ್ಮನೇಲಿ ಉಣ್ಣಿ. ನನ್ ಕೈ ಮ್ಯಾಲೆ ನಂಬ್ಕೆ ಐತಲ್ಲ?"

"ಐತೆ" ಎಂದ. ಅಂದು ಮಧ್ಯಾಹ್ನ ಬೋಟಿ ಸಾರು ಮಾಡಿದ್ದೆ. ನಂಬಿಕೆ ಇದ್ದದ್ದರಿಂದ ಭಯವಿಲ್ಲದೆ ಉಂಡ. ಒಂದು ವರ್ಷದ ಹಸಿವು, ಎರಡು ಮುದ್ದೆ ಇಳಿಯಿತು. ಸಾರನ್ನು ತಟ್ಟೆ ಎತ್ತಿ ಕುಡಿದ. ನಗುತ್ತಾ, "ನೋಡ್ದಾ, ಏನೂ ಆಗ್ನಿಲ್ಲ. ಆ ಮುಂಡೇದೇ ಕೆಲ್ಸ" ಎಂದ. ನನಗೆ ಅಕ್ಕನ ಮೇಲೆ ಒಂದು ಗಳಿಗೆ ಅನುಮಾನವೂ ಬಂತು. ಇದನ್ನು ಮುಚ್ಚಿಟ್ಟು ಬರೆಯಬಾರದು.

ಬೀಡಿ ಹಚ್ಚಿದವನು ಅರ್ಧಕ್ಕೆ ಎಸೆದ. ಹೊಟ್ಟೆ ಹಿಡಿದು ನನ್ನ ಅಡುಗೆಮನೆಯ ನೆಲದ ಮೇಲೆ ಬಿದ್ದ. ಹಿಂದೆ ಎಂದೂ ಅಷ್ಟು ಉಂಡಿರಲಿಲ್ಲ, ಹಿಂದೆ ಎಂದೂ ಅಷ್ಟು ನೋವು ಬಂದಿರಲಿಲ್ಲ. ಉಗುರಿನಿಂದ ನೆಲದ ಗಾರೆ ಕೆರೆದ. ತನ್ನ ಕೈಯನ್ನೇ ಕಚ್ಚಿ ರಕ್ತ ಬರಿಸಿಕೊಂಡ. ನನಗೆ ಆಗ ಎರಡು ವಿಷಯ ಒಟ್ಟಿಗೆ ಗೊತ್ತಾದವು. ಅಕ್ಕ ಏನೂ ಮಾಡಿಲ್ಲ ಎಂಬುದು ಒಂದು. ಈಗ ಇವನು ಎದ್ದರೆ ಕೋಲು ನನ್ನ ಮೇಲೆ ಎಂಬುದು ಇನ್ನೊಂದು.

ಬೀದಿಯಲ್ಲಿ ಯಾರೂ ಇರಲಿಲ್ಲ. ಅಕ್ಕ ರೊಪ್ಪದಲ್ಲಿದ್ದಳು. ಭಾವನ ಎರಡು ಕಂಕುಳಿಗೆ ಕೈ ಕೊಟ್ಟು ದರದರನೆ ಎಳೆದುಕೊಂಡು ಹೋಗಿ ಅವರ ಜಗಲಿಯ ಮೇಲೆ ಹಾಕಿದೆ. ಅವರದೇ ಚೊಂಬಿನ ನೀರನ್ನು ಬಾಯಿಗೆ ಬಿಟ್ಟೆ. ಚೊಂಬನ್ನು ಪಕ್ಕದಲ್ಲೇ ಉರುಳಿಸಿ ನನ್ನ ಮನೆಗೆ ಬಂದು ತಟ್ಟೆ ತೊಳೆದಿಟ್ಟೆ.

ನೋವು ಬಿಟ್ಟ ಮೇಲೆ, ಎಲ್ಲಿ ಬಿದ್ದೆನೆಂಬ ನೆನಪೇ ಇಲ್ಲದ ಭಾವ, ತನ್ನ ಜಗಲಿಯ ಮೇಲಿದ್ದ ಚೊಂಬು ನೋಡಿದ. ಸಂಜೆ ಇನ್ನೂ ಬೆಳಕು ಇರುವಾಗ ಅಕ್ಕ ಮುದ್ದೆಗೆ ಎಸರಿಟ್ಟಿದ್ದಳು. ನಾನು ಅವರ ಬಾಗಿಲಲ್ಲೇ ಇದ್ದೆ, ಏನಾಗುತ್ತದೋ ಎಂದು ನೋಡಲು ಬಂದಿದ್ದೆ. ಹಿಟ್ಟು ಬೆಂದು ಗುಳುಗುಳು ಎನ್ನುತ್ತಿತ್ತು. ಭಾವ ಹಿಂದಿನಿಂದ ಬಂದು, "ನೀರ್ಗೂ ಹಾಕ್ದಾ? ಈ ಕೈ ತಾನೆ?" ಎಂದು ಅವಳ ಬಲಗೈ ಮಣಿಕಟ್ಟು ಹಿಡಿದು ಪಾತ್ರೆಯೊಳಕ್ಕೆ ಅದ್ದಿದ.

ಬೆಂದ ರಾಗಿಹಿಟ್ಟು ಅಂಟಿದರೆ ಬಿಡುವುದಿಲ್ಲ. ಕಿತ್ತರೆ ಚರ್ಮದ ಜೊತೆ ಬರುತ್ತದೆ. ಅಕ್ಕನ ಬಾಯಿಂದ ಬಂದದ್ದು ಕೂಗಲ್ಲ, ಕುರಿ ಕಡಿಯುವಾಗ ಕತ್ತಿನಿಂದ ಬರುತ್ತದಲ್ಲ, ಆ ಗಾಳಿ. ಅವಳ ಎಡಗೈ ನೆಲ ತಡವಿತು, ಕೋಲು ಸಿಕ್ಕಿತು. ತಿರುಗಿ ಅವನ ಮೊಣಕಾಲಿಗೆ ಹೊಡೆದಳು. ಬಿದ್ದ. ಒಂದೇ ಏಟಿಗೆ ಬಿದ್ದದ್ದು ಕಂಡು ಅವಳಿಗೇ ಆಶ್ಚರ್ಯವಾಗಿರಬೇಕು. ಒಂದು ವರ್ಷ ಅವನ ಕೈಯನ್ನು ಮಾತ್ರ ನೋಡಿದ್ದಳು, ಮೈ ನೋಡಿರಲಿಲ್ಲ. ನೆಲದ ಮೇಲೆ ಬಿದ್ದದ್ದು ಮೂಳೆಗೆ ಚರ್ಮ ಹೊದಿಸಿದ ಒಂದು ಮುದಿ ಟಗರು. ಅವಳು ಕೋಲನ್ನು ಅವನ ತಲೆಯ ನೇರಕ್ಕೆ ಎತ್ತಿದಳು. ಹಿಟ್ಟು ಮೆತ್ತಿದ ಬಲಗೈ ದೇಹದಿಂದ ದೂರ ಹಿಡಿದಿದ್ದಳು, ತನ್ನದಲ್ಲವೆಂಬಂತೆ.

"ಅಕ್ಕ, ಬ್ಯಾಡ" ಎಂದೆ. "ಮಧ್ಯಾಹ್ನ ಭಾವ ಉಂಡಿದ್ದು ನಮ್ಮನೇಲಿ. ನೋವು ಬಂದಿದ್ದೂ ನಮ್ಮನೇಲೇ. ನಾನೇ ಎಳ್ಕಂಡ್ ಬಂದು ನಿನ್ ಜಗಲಿ ಮ್ಯಾಲೆ ಹಾಕ್ದೆ. ನೀರೂ ನಾನೇ ಬುಟ್ಟೆ."

ಎತ್ತಿದ ಕೋಲು ಅವನ ಮೇಲೆ ಬೀಳಲಿಲ್ಲ. ಅಕ್ಕ ಎರಡು ಹೆಜ್ಜೆ ಬಂದು ನನ್ನ ಹೆಗಲಿಗೆ ಹೊಡೆದಳು. ಎಡಗಡೆಯ ಹೆಗಲಿನ ಮೂಳೆ ಮುರಿದ ಸದ್ದು ನನಗೇ ಕೇಳಿತು. ಇಂದಿಗೂ ಆ ಕೈಯನ್ನು ತಲೆಯ ಮೇಲಕ್ಕೆ ಎತ್ತಲಾರೆ. ಅವಳು ಅನ್ಯಾಯವಾಗಿ ಹೊಡೆದಳೆಂದು ಒಂದು ದಿನವೂ ಅನಿಸಿಲ್ಲ.

ಭಾವ ಬಿದ್ದಲ್ಲಿಂದಲೇ, "ಅಂಗಾರೆ ನೀನೂವೆ ಹಾಕಿದ್ಯಾ ಮಾರಿ?" ಎಂದ.

ಆಗ ಒಳಗೆ ಬಂದವನು ಕನಕಪುರದ ಕುರಿ ವ್ಯಾಪಾರಿ ಜಬ್ಬಾರ್. ಎರಡು ಟಗರು ನೋಡಲು ರೊಪ್ಪಕ್ಕೆ ಬಂದಿದ್ದವನು ಸದ್ದು ಕೇಳಿ ಓಡಿಬಂದಿದ್ದ. ಮೂವರನ್ನೂ ನೋಡಿ, ಪಾತ್ರೆ ನೋಡಿ, ನನ್ನ ಮಾತನ್ನೂ ಕೇಳಿಸಿಕೊಂಡಿದ್ದ.

"ಏನ್ ಹೊನ್ನಣ್ಣ, ಇಬ್ಬಿಬ್ರು ಹೆಂಗಸ್ರು ಪಾಳಿ ಮೇಲೆ ವಿಷ ಹಾಕಕ್ಕೆ ನೀನೇನ್ ಮೈಸೂರ್ ಮಹಾರಾಜನಾ?" ಎಂದ. "ಬನ್ ತಿಂದ್ರೆ ಇಲ್ಲ ಅಂತ ನೀನೇ ಹೇಳಿದ್ದೆ, ಹೊಟ್ಟೆ ತುಂಬ ತಿಂದ್ರೆ ನೋವು. ಇವ್ರ ಮನೇಲೂ ನೋವು, ಅವ್ರ ಮನೇಲೂ ನೋವು. ನಮ್ ಮಾಮೂಗೂ ಹಿಂಗೇ ಆಗಿತ್ತು. ಕರುಳಿಗೆ ರಕ್ತ ಹೋಗೋ ನಾಳ ಕಟ್ಕೊಂಡಿತ್ತು. ಸುಮ್ನೆ ಗಾಡಿ ಹತ್ತು."

"ನಾನ್ ಬರಕ್ಕಿಲ್ಲ."

"ನೀನ್ ಈಗ ಒಂದ್ ಮರಿ ತೂಕ ಇದ್ದೀಯ. ಬರ್ತೀಯ" ಎಂದು ಜಬ್ಬಾರ್ ಅವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಅವನ ಲಗೇಜ್ ಆಟೋದಲ್ಲಿ ಹಿಕ್ಕೆಯ ಮೇಲೆ ಮೂವರೂ ಕೂತು ರಾಮನಗರಕ್ಕೆ ಹೋದೆವು. ಗುಂಡಿ ಬಂದಾಗಲೆಲ್ಲ ಮೂವರೂ ಒಟ್ಟಿಗೆ ನರಳುತ್ತಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಸಾಬಿರಾ ಎಂಬ ನರ್ಸ್, "ಮೂರೂ ಜನ ಒಂದೇ ಮನೆಯವ್ರಾ? ಯಾವ ಯುದ್ಧದಿಂದ ಬಂದ್ರಿ?" ಎಂದಳು. ನಗಲು ಹೋದವಳು ಅಕ್ಕನ ಕೈ ನೋಡಿ ಸ್ಟೂಲು ಎಳೆದುಕೊಂಡಳು. ಒಂದು ಗಂಟೆ ಕೂತು, ನೀರು ಬಿಟ್ಟು ಬಿಟ್ಟು, ಆ ಹಿಟ್ಟನ್ನು ಚೂರುಚೂರಾಗಿ ಬಿಡಿಸಿದಳು. ಅಕ್ಕ ಬೋಟಿ ಬಿಡಿಸುವಷ್ಟೇ ನಿಧಾನವಾಗಿ.

ಡಾಕ್ಟರು ಭಾವನ ಹೊಕ್ಕುಳ ಮೇಲೆ ಕಿವಿಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬರೆಗಳ ನಡುವೆ, ಸಣ್ಣ ಕಿಂಡಿಯಲ್ಲಿ ನೀರು ನುಗ್ಗುವ ಹಾಗೆ ಸದ್ದು ಬರುತ್ತಿದೆ ಎಂದು ಬೆಂಗಳೂರಿಗೆ ಬರೆದುಕೊಟ್ಟರು. ಶ್ರೀನಿವಾಸನ ಫ್ಯಾಕ್ಟರಿಯ ಇಎಸ್‌ಐ ಕಾರ್ಡು ಅಪ್ಪನಿಗೂ ನಡೆಯುತ್ತಿತ್ತು. ಯಾವ ಕಾಂಪೌಂಡಿಗೆ ಭಾವ ಕಲ್ಲು ಹೊಡೆಯುತ್ತಿದ್ದನೋ ಅದರ ಚೀಟಿಯ ಮೇಲೆ ಅವನನ್ನು ಸೇರಿಸಿಕೊಂಡರು.

ಅಲ್ಲಿ ಬಣ್ಣದ ಔಷಧಿ ರಕ್ತಕ್ಕೆ ಬಿಟ್ಟು ಸ್ಕ್ಯಾನ್ ಮಾಡಿದರು. ನೋಡಿದ ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ನಮಗೆ ಹೇಳಿದರು. ಕರುಳಿಗೆ ರಕ್ತ ಕೊಡುವ ನಾಳ ಮೂರು. ಅದರಲ್ಲಿ ಎರಡು ಪೂರಾ ಮುಚ್ಚಿಹೋಗಿವೆ. ಮೂರನೆಯದರಲ್ಲಿ ದಾರದಷ್ಟು ದಾರಿ ಉಳಿದಿದೆ. ಉಂಡಾಗ ಕರುಳಿಗೆ ಕೆಲಸ ಜಾಸ್ತಿ, ರಕ್ತ ಜಾಸ್ತಿ ಬೇಕು. ಸಿಗದಿದ್ದರೆ ನೋವು. ಬನ್ನು ಚಿಕ್ಕ ಕೆಲಸ, ಎರಡು ಮುದ್ದೆ ದೊಡ್ಡ ಕೆಲಸ.

ಶ್ರೀನಿವಾಸ ತಲೆಯಾಡಿಸಿದ. ಅವನಿಗೆ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಅಕ್ಕನಿಗೆ. "ಬೋಟಿ ಬುಡಿಸುವಾಗ ಬೀಸಣಿಗೆ ಥರ ಪೊರೆ ಬತ್ತದೆ ಕಣವ್ವ" ಎಂದಳು. "ಅದ್ರೊಳಗೆ ಮರದ ಕೊಂಬೆ ಥರ ರಕ್ತನಾಳ ಹರ್ಕಂಡಿರ್ತವೆ. ಎಲ್ಲಾ ಕೊಂಬೇನೂ ಒಂದ್ ಬುಡಕ್ಕೇ ಸೇರ್ತವೆ. ಆ ಬುಡ ಕಟ್ಕಂಡೈತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಅದೇ. ಸರಿಯಾಗಿ ಹೇಳಿದಿರಿ" ಎಂದರು.

"ಅದು ಮದ್ದಿನಿಂದ ಆಯ್ತದಾ?"

"ಬೀಡಿಯಿಂದ ಆಗುತ್ತೆ. ವಯಸ್ಸಿನಿಂದ ಆಗುತ್ತೆ. ಯಾರೂ ಹಾಕಿದ್ದಲ್ಲ."

"ಬರ್ಕೊಡಿ" ಎಂದಳು ಅಕ್ಕ. "ಕನ್ನಡದಲ್ಲಿ ಬರ್ಕೊಡಿ. ಮೊಹರು ಹಾಕಿ."

ಡಾಕ್ಟರಮ್ಮ ಅವಳ ಕಟ್ಟಿದ ಕೈಯನ್ನು, ಹರಿದ ಕಿವಿಯನ್ನು ನೋಡಿದರು. ಬರೆದು, ಮೊಹರು ಹಾಕಿ ಕೊಟ್ಟರು.

ಮರುದಿನ ತೋಳಿನ ರಕ್ತನಾಳದೊಳಗೆ ತಂತಿ ಬಿಟ್ಟು, ಅದರ ಮೇಲೆ ಬಲೂನು ಸಾಗಿಸಿ, ಕಟ್ಟಿದ ಜಾಗವನ್ನು ಒಳಗಿಂದ ಹಿಗ್ಗಿಸಿದರು. ಮತ್ತೆ ಮುಚ್ಚದಿರಲೆಂದು ಪೆನ್ನಿನ ಸ್ಪ್ರಿಂಗಿನಂಥ ಸ್ಟೆಂಟ್ ಕೂರಿಸಿದರು. ಎಚ್ಚರದಲ್ಲೇ ಮಾಡುವ ಕೆಲಸ. ಭಾವ ಹೆದರಿ ಒದ್ದಾಡಿ ಸಾಮಾನಿನ ಟ್ರೇ ಒದ್ದನಂತೆ. ನಾಲ್ಕು ಜನ ಹಿಡಿದರಂತೆ. ಬರೆ ಎಳೆಯುವಾಗ ಹಿಡಿದಷ್ಟೇ ಜನ.

ಎರಡು ದಿನಕ್ಕೆ ಇಡ್ಲಿ ತಿಂದ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋವಿಗಾಗಿ ಕಾದು ಕೂತಿದ್ದ. ಅದು ಬರಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತ. ಅಕ್ಕ ನೋಡುತ್ತಾ ನಿಂತಿದ್ದಳು, ಸೆರಗು ಕೊಡಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಎಚ್ಚರಿಕೆ ಹೇಳಿದರು. ಬೀಡಿ ಮುಟ್ಟಬಾರದು. ಸ್ವಲ್ಪ ಸ್ವಲ್ಪವಾಗಿ ಆರು ಸಲ ಉಣ್ಣಬೇಕು. ರಕ್ತ ತೆಳ್ಳಗೆ ಮಾಡುವ ಮಾತ್ರೆ ಬಿಡಬಾರದು. ಆ ಮಾತ್ರೆಯಿಂದ, ಪೆಟ್ಟು ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ, ಜೋಪಾನ. ಕೊನೆಯ ಮಾತನ್ನು ಅಕ್ಕ ಇನ್ನೊಂದು ಸಲ ಹೇಳಿಸಿಕೊಂಡಳು.

ಊರಿಗೆ ಬಂದು ಶ್ರೀನಿವಾಸ ಆ ಕಾಗದವನ್ನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿದ. ಈ ಕಾಯಿಲೆ ಊಟದಿಂದಾಗಲಿ, ಯಾರಾದರೂ ಹಾಕಿದ ವಿಷದಿಂದಾಗಲಿ ಬಂದದ್ದಲ್ಲ. ಎಲ್ಲರೂ ಕೇಳಿ ಹೌದೌದು ಎಂದರು. ಓದು ಮುಗಿದ ಮೇಲೆ ಅಕ್ಕ ಎಲ್ಲರಿಗೂ ಮಜ್ಜಿಗೆ ತಂದಳು. ಇಬ್ಬರು ಕುಡಿದರು. ಉಳಿದವರಿಗೆ ಬಾಯಾರಿಕೆ ಇರಲಿಲ್ಲ.

ಅಕ್ಕ ಲೋಟಗಳನ್ನು ಒಳಗಿಟ್ಟು ಬಂದು, ಭಾವನ ತಟ್ಟೆಗೆ ಅರ್ಧ ಮುದ್ದೆ ಇಟ್ಟಳು. ತಟ್ಟೆ ಎತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ಬಲಗೈ ಬೆರಳು ಮೂರು ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಗೈಯಲ್ಲಿ ಮೊದಲ ತುತ್ತು ಮುರಿದು, ಬೀದಿಯ ಕಡೆ ನೋಡುತ್ತಾ ತಿಂದಳು.

"ಬ್ಯಾಡ ಬುಡಮ್ಮಿ ಇನ್ನು" ಎಂದ ಭಾವ.

ಅವಳು ಕೇಳಿಸದವಳಂತೆ ಒಂದು ಬೀಡಿ ಮುಗಿಯುವಷ್ಟು ಹೊತ್ತು ಕೂತಿದ್ದಳು. ಬೀಡಿ ಇಲ್ಲದ ಮನೆಯಲ್ಲಿ ಆ ಹೊತ್ತು ಎಷ್ಟೆಂದು ಅವಳಿಗೆ ಮಾತ್ರ ಗೊತ್ತು. ಆಮೇಲೆ ತಟ್ಟೆಯನ್ನು ಅವನ ಮುಂದಿಟ್ಟಳು. ದಿನಕ್ಕೆ ಆರು ಸಲ ಊಟ, ಆರು ಸಲ ಹೊಸ್ತಿಲು. ಮದುವೆಗೆ ಹೋದರೆ ಪಂಕ್ತಿಯ ನಡುವೆ ಅವನ ಎಲೆಯ ಮುಂದೆ ಕೂರುತ್ತಿದ್ದಳು. ಅವನ ಬಾಯಲ್ಲಿ ನೀರೂರುತ್ತಿತ್ತು, ಈಗ ಹಸಿವೂ ಇತ್ತು, ಭಯವೂ ಇರಲಿಲ್ಲ. ಅವಳು ಮುಗಿಸುವವರೆಗೆ ಉಣ್ಣುವ ಹಾಗಿಲ್ಲ.

ಒಂದು ಸಲ ತಾಳಲಾರದೆ ಕೈ ಎತ್ತಿದ. ಅವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಹೊಡಿ. ಆಮೇಲೆ ನಾನೂ ಹೊಡೀತೀನಿ. ನಿನ್ ರಕ್ತ ನಿಲ್ಲಕ್ಕಿಲ್ಲ ಅಂತ ಡಾಕ್ಟ್ರವ್ವ ಹೇಳವ್ರೆ." ಮುದ್ದೆ ಕೋಲು ಅವಳ ತೊಡೆಯ ಪಕ್ಕದಲ್ಲಿತ್ತು. ಕೈ ಇಳಿಯಿತು.

ಎರಡು ವರ್ಷದ ಮೇಲೆ ನಾಳ ಮತ್ತೆ ಕಿರಿದಾಗಿ ನೋವು ಬಂದಾಗ ಅವನು ಯಾರ ಹೆಸರನ್ನೂ ಎತ್ತಲಿಲ್ಲ. ತಾನೇ ಬ್ಯಾಗು ತುಂಬಿಕೊಂಡು ಮಗನ ಜೊತೆ ಹೋಗಿ ಇನ್ನೊಮ್ಮೆ ಬಲೂನು ಹಾಕಿಸಿಕೊಂಡು ಬಂದ. ಮಾರನೆಯ ದಿನ ಹೊಸ್ತಿಲ ಮೇಲೆ ಮತ್ತೆ ಅದೇ ಮೊದಲ ತುತ್ತು. ಬೀದಿಯವರು ನೋಡಿ ನೋಡಿ, ಒಬ್ಬೊಬ್ಬರಾಗಿ ಅವಳ ಮನೆಯ ಮಜ್ಜಿಗೆಗೆ ಬರತೊಡಗಿದರು. ಮದುವೆ ಮನೆಯ ಸೌಟು ಅವಳ ಎಡಗೈಗೆ ವಾಪಸು ಬಂತು. ಆದರೂ ಅವಳು ನಿಲ್ಲಿಸಲಿಲ್ಲ.

ಭಾವ ಎರಡು ಸಾವಿರದ ಹನ್ನೆರಡರಲ್ಲಿ ಸತ್ತ. ಹೊಟ್ಟೆಯಿಂದಲ್ಲ, ಹೃದಯ ನಿಂತು. ಹನ್ನೊಂದನೆಯ ದಿನ ಫೋಟೋದ ಮುಂದೆ ಎಡೆ ಇಟ್ಟರು. ಮುದ್ದೆ, ಬೋಟಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಸತ್ತವರಿಗೆ ಇಟ್ಟ ಎಡೆಯನ್ನು ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ, ಮೂಸುವಂತೆಯೂ ಇಲ್ಲ. ಮನೆ ತುಂಬ ನೆಂಟರು. ಅಕ್ಕ ಒಳಗಿಂದ ಬಂದಳು. ಎಡೆಯ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಕೂತಳು.

"ಲೇ, ಎಡೆ ಕಣಮ್ಮಿ ಅದು. ಮೈಲಿಗೆ ಮಾಡಿದ್ರೆ ಸತ್ತವನಿಗೆ ಸೇರಕ್ಕಿಲ್ಲ" ಎಂದು ಊರಿನ ಹಿರಿಯರೊಬ್ಬರು ಕೈ ಅಡ್ಡ ಹಾಕಿದರು.

"ಸೇರ್ತದೆ" ಎಂದಳು ಅಕ್ಕ. "ನಾನ್ ತಿನ್ನದೆ ಅವ್ನು ಉಣ್ಣಕ್ಕಿಲ್ಲ."

ಶ್ರೀನಿವಾಸ ಹಿರಿಯರ ಕೈ ಹಿಡಿದು ಪಕ್ಕಕ್ಕೆ ಸರಿಸಿದ. ಅಕ್ಕ ಮುದ್ದೆಯ ತುತ್ತು ಮುರಿದು ಸಾರಿಗೆ ಅದ್ದಿ ತಿಂದಳು. ಆಮೇಲೆ ಇನ್ನೊಂದು ತುತ್ತು ಮುರಿದು, ಬಾಗಿಲ ಪಕ್ಕ ನಿಂತಿದ್ದ ನನ್ನ ಕಡೆಗೆ ಚಾಚಿದಳು.

"ಮದ್ದು ಅಂತ ಮೊದ್ಲು ಹೇಳಿದ್ದು ನೀನು ಅಂತ ಗೊತ್ತು ಕಣ್ ಮಾರಿ. ಅವ್ನೇ ಹೇಳಿದ್ದ, ಆವತ್ತೇ" ಎಂದಳು. "ಬಾ, ತಿನ್ನು. ನನ್ ಕೈದು."

ನನ್ನ ಮುರಿದ ಹೆಗಲು ಅವಳ ಕಡೆಗಿತ್ತು. ನಾನು ಪಕ್ಕದಲ್ಲಿ ಕೂತು ಬಾಯಿ ತೆರೆದೆ. ನೆಂಟರೆಲ್ಲ ನಿಂತು ನೋಡುತ್ತಿದ್ದರು. ಇಬ್ಬರೂ ಬೀದಿಯ ಕಡೆ ಮುಖ ಮಾಡಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಅಲ್ಲೇ ಕೂತಿದ್ದೆವು. ಆಮೇಲೆ ಅಕ್ಕ ಎಲೆ ಎತ್ತಿಕೊಂಡು ಹೋಗಿ ಅವನ ಮುಂದಿಟ್ಟಳು.